ದೊಡ್ಡಮ್ಮನ ಕೊರಳ ಕೀಲಿ

"ಇನ್ನೊಂದ್ಸಲ ಹಾಕೇ," ಎಂದರು ದೊಡ್ಡಮ್ಮ.

ನಾನು ಫೋನಿನಲ್ಲಿ ಆ ವಿಡಿಯೊ ಮತ್ತೆ ಹಾಕಿದೆ. ದೊಡ್ಡಪ್ಪನನ್ನು ಮಣ್ಣು ಮಾಡಿದ ದಿನದ್ದು. ನನ್ನ ಗಂಡ ಮಿಹಾಯೋ ದೊಡ್ಡಪ್ಪನ ಕಸೂತಿ ಟೋಪಿ ಹಾಕಿಕೊಂಡು, ಅವರದೇ ಊರುಗೋಲು ಹಿಡಿದು, ಅವರ ಹಾಗೇ ಎಡಗಾಲು ಎಳೆಯುತ್ತಾ ಅಂಗಳದ ತುಂಬ ಓಡಾಡುತ್ತಿದ್ದಾನೆ. "ಇದು ಚಹಾನೋ, ಬಂದರಿನ ನೀರೋ?" ಎಂದು ಅವರದೇ ದನಿಯಲ್ಲಿ ಗದರುತ್ತಿದ್ದಾನೆ. ಅಳುತ್ತಿದ್ದ ಹೆಂಗಸರು ಅಳುತ್ತಲೇ ನಗುತ್ತಿದ್ದಾರೆ.

ದೊಡ್ಡಮ್ಮನೂ ನಕ್ಕರು. ಹೊದ್ದ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡರು.

"ಫೋಟೊದಲ್ಲಿ ಅವರು ಸುಮ್ನೆ ಕೂತಿರ್ತಾರೆ. ಅವರು ನಡೆಯೋದನ್ನ ನೋಡ್ಬೇಕು ಅಂದ್ರೆ ನಿನ್ನ ಗಂಡನ್ನೇ ನೋಡ್ಬೇಕು ಕಣೇ ಚೌಸಿಕು."

ಮಧ್ಯಾಹ್ನ ಮಂಡಳಿಯ ಕೊನೆಯ ವಿಚಾರಣೆ. ಅಷ್ಟರೊಳಗೆ ನನಗೆ ಏನೂ ಸಿಗದಿದ್ದರೆ, ಮ್ವನಾಯಿದಿ ಟೀಚರಮ್ಮ, ಅಂದರೆ ನನ್ನ ದೊಡ್ಡಮ್ಮ, ಜನರ ಗುಟ್ಟು ಮಾರಿಕೊಂಡವಳು ಎಂದು ಸಂಜೆಯ ರೇಡಿಯೊ ಊರಿಗೆಲ್ಲ ಸಾರುತ್ತದೆ. ಈ ಮಹಾತಾಯಿ ನೋಡಿದರೆ ಗುಳಿ ಹೆಂಚಿನ ಮುಂದೆ ಕೂತು, ತೆಂಗಿನ ಹಾಲು ಹಾಕಿ ಕಲಸಿದ ಅಕ್ಕಿ ಹಿಟ್ಟಿನ ವಿಟುಂಬುವಾ ಬೇಯಿಸುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು.

"ದೊಡ್ಡಮ್ಮ, ಇವತ್ತು ಏನಾಗುತ್ತೆ ಅಂತ ಗೊತ್ತಿದೆಯಾ ನಿಮಗೆ?"

"ತಿನ್ನು ಮೊದ್ಲು. ಹಸಿದ ಪೊಲೀಸಿಗೆ ಎಲ್ರೂ ಕಳ್ಳರ ಥರಾನೇ ಕಾಣ್ತಾರೆ."

ನಾನು ಪೊಲೀಸ್ ಕೆಲಸ ಬಿಟ್ಟು ಸ್ವಂತ ಪತ್ತೇದಾರಿ ಶುರು ಮಾಡಿ ಎಷ್ಟೋ ಕಾಲವಾಯಿತು. ದೊಡ್ಡಮ್ಮನ ಬಾಯಲ್ಲಿ ಮಾತ್ರ ಇನ್ನೂ ಪೊಲೀಸೇ.

ಹಿಂದಿನ ಕಂತು ತಪ್ಪಿಸಿಕೊಂಡವರಿಗೆ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ನಾವು ಫೋನಿನಲ್ಲಿ ಬರೆದುಕೊಳ್ಳುವ ಮಾತಿಗೆಲ್ಲ ಬೀಗವಿದೆ. ಆ ಬೀಗಕ್ಕೊಂದು ಮರುಕೀಲಿ ತನ್ನ ಕೈಗೆಟುಕುವಂತಿರಬೇಕು ಎಂದು ಸರ್ಕಾರ ಹಟ ಹಿಡಿಯಿತು. ಜನ ಬೀದಿಗಿಳಿದಾಗ ಕೀಲಿ ಠೇವಣಿ ಮಂಡಳಿ ಎಂದೊಂದು ಕಟ್ಟಿ, ಮರುಕೀಲಿಯನ್ನು ಮೂರು ತುಂಡು ಮಾಡಿದರು. ಒಂದು ಅಧ್ಯಕ್ಷ ಟೆಮು ಅವರದು, ಒಂದು ನಿವೃತ್ತ ಜಡ್ಜ್ ಮಾಯುಂಗಾ ಅವರದು. ಅವೆರಡೂ ಮಂಡಳಿಯ ತಿಜೋರಿಯಲ್ಲಿ. ಮೂರನೆಯದು ಜನರ ಪರವಾಗಿ ನನ್ನ ದೊಡ್ಡಮ್ಮನ ಕೊರಳಲ್ಲಿ, ಹೆಬ್ಬೆರಳಿನಷ್ಟು ದೊಡ್ಡ ಪೆನ್‌ಡ್ರೈವ್, ಬಟ್ಟೆಯ ಸಣ್ಣ ಚೀಲದಲ್ಲಿ. ಕೋರ್ಟಿನ ಅಪ್ಪಣೆ ಬಂದು ಮೂರೂ ಸೇರಿದರೆ ಮಾತ್ರ ಒಬ್ಬರ ಮಾತಿನ ಬೀಗ ತೆರೆಯುತ್ತದೆ.

"ಇದು ನನ್ನ ಮೈಮೇಲಿದೆ, ನೀವು ನಿಶ್ಚಿಂತೆಯಾಗಿ ಮಾತಾಡ್ಕೊಳ್ಳಿ," ಎಂದು ದೊಡ್ಡಮ್ಮ ಅಂದು ರೇಡಿಯೊದಲ್ಲಿ ಹೇಳಿದ್ದರು. ನಮ್ಮ ಟೆಮೆಕೆ ಬಡಾವಣೆಯ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಹೆಂಗಸು. ಸರ್ಕಾರವನ್ನು ನಂಬದವರೂ ಟೀಚರಮ್ಮನನ್ನು ನಂಬಿದರು.

ಆಮೇಲೆ, ಹೆರಿಗೆ ಆಸ್ಪತ್ರೆಯೊಂದರ ನರ್ಸುಗಳು ತಮ್ಮತಮ್ಮಲ್ಲೇ ಬರೆದುಕೊಂಡಿದ್ದನ್ನು ಯಾರೋ ಓದಿದರು. ಬಾಣಂತಿಯರ ಔಷಧ ಹಿಂದಿನ ಬಾಗಿಲಿನಿಂದ ಎಲ್ಲಿಗೆ ಹೋಗುತ್ತಿದೆ ಎನ್ನುವ ಮಾತು ಅದು. ನರ್ಸುಗಳನ್ನು ದಿಕ್ಕಿಗೊಬ್ಬರಂತೆ ಎತ್ತಂಗಡಿ ಮಾಡಿದರು. ಮಂಡಳಿಯ ಯಂತ್ರವನ್ನು ಪರೀಕ್ಷಿಸಿದರೆ, ಯಾವ ಕೋರ್ಟಿನ ಅಪ್ಪಣೆಯೂ ಇಲ್ಲದೆ ಮೂರು ತುಂಡೂ ಸೇರಿ ಬೀಗ ತೆರೆದಿತ್ತು. ಅದೂ ದೊಡ್ಡಪ್ಪನನ್ನು ಮಣ್ಣು ಮಾಡಿದ ಮರುದಿನ.

ತಿಜೋರಿಯಲ್ಲಿದ್ದ ಎರಡನ್ನು ಗುಮಾಸ್ತನೊಬ್ಬ ಕದ್ದು ಬಳಸಿ ಪರಾರಿಯಾದ ಎಂದು ಮಂಡಳಿ ಕೈತೊಳೆದುಕೊಂಡಿತು. ಉಳಿದವರು ದೊಡ್ಡಮ್ಮ. ಈಗ ಮೀನು ಮಾರುವ ಹೆಂಗಸರು ದೊಡ್ಡಮ್ಮ ಎದುರು ಬಂದರೆ ಫೋನನ್ನು ಮಡಿಲಿಗೆ ಸೇರಿಸಿಕೊಳ್ಳುತ್ತಾರೆ. ದೊಡ್ಡಮ್ಮ ಕೈಹಿಡಿದು ಅಕ್ಷರ ತಿದ್ದಿಸದವಳು ಅವರಲ್ಲಿ ಒಬ್ಬಳೂ ಇಲ್ಲ. ನಿನ್ನೆ ಅದನ್ನು ಕಣ್ಣಾರೆ ಕಂಡು ನಾನು ಸಂತೆಯ ನಡುವೆ ಜಗಳಕ್ಕೆ ನಿಂತಿದ್ದೆ, ದೊಡ್ಡಮ್ಮನೇ ರಟ್ಟೆ ಹಿಡಿದು ಎಳೆದುಕೊಂಡು ಬಂದರು.

"ಇನ್ನೊಂದ್ಸಲ," ಎಂದರು ಮತ್ತೆ.

ಈ ಸಲ ನನಗೆ ನಗು ಬರಲಿಲ್ಲ. ನಗು ಬಾರದೆ ನೋಡಿದ್ದಕ್ಕೋ ಏನೋ, ಅಷ್ಟು ಸಲ ಕಂಡರೂ ಕಾಣದ್ದು ಕಂಡಿತು. ಮಿಹಾಯೋನ ಹೆಗಲಲ್ಲಿ ಒಂದು ಚೀಲ. ಗರಿಯಲ್ಲಿ ಹೆಣೆದದ್ದು, ಕೆಂಪು ಅಂಚು.

"ದೊಡ್ಡಮ್ಮ, ಇದು ನಿಮ್ಮ ಚೀಲ ಅಲ್ವಾ?"

"ಹೂಂ. ಗೇಲಿಯ ನಂಟ, ಮ್ತಾನಿ ಅಲ್ವೇನೇ, ಕೈಗೆ ಸಿಕ್ಕಿದ್ದೆಲ್ಲ ಎತ್ಕೊಂಡ."

"ಅವತ್ತು ಕೀಲಿ ತುಂಡು ಎಲ್ಲಿತ್ತು?"

ಅವರ ಕೈ ತಾನಾಗಿ ಕೊರಳಿಗೆ ಹೋಯಿತು. "ನನಗೆ ಸ್ನಾನ ಮಾಡಿಸಿ ಮೈಮೇಲಿದ್ದ ಒಡವೆ ವಸ್ತು ಎಲ್ಲ ಬಿಚ್ಚಿಸಿದ್ರಲ್ಲ, ಗಂಡ ಹೋದವಳು ಅಂತ. ಬಿಚ್ಚಿದ್ದನ್ನೆಲ್ಲ ಅದರಲ್ಲೇ ಹಾಕಿ ಗೂಟಕ್ಕೆ ತಗಲಿಹಾಕಿದ್ರು."

"ಮತ್ತೆ, ನಿಮ್ಮಿಂದ ಅದನ್ನ ಯಾರೂ ತಗೊಂಡಿಲ್ಲ ಅಂತ ವಿಚಾರಣೇಲಿ ಪ್ರಮಾಣ ಮಾಡಿದ್ರಲ್ಲ."

"ಯಾರೂ ತಗೊಂಡಿಲ್ಲ."

"ಮಿಹಾಯೋ ತಗೊಂಡಿದ್ದಾನಲ್ಲ, ಇಲ್ನೋಡಿ."

"ಮ್ತಾನಿ ತಗೊಂಡ್ರೆ ಅದು ತಗೊಂಡ ಹಾಗಾ? ಸಂಜೆ ಎರಡು ಕೋಳಿ ಕೊಟ್ಟು ಬಿಡಿಸ್ಕೊಂಡೆ. ಒಂದು ಕೋಳಿ ಬಡಕಲು ಅಂತ ಅದಕ್ಕೂ ತಗಾದೆ ತೆಗ್ದ."

ಅವರು ಸುಳ್ಳು ಹೇಳುತ್ತಿರಲಿಲ್ಲ. ನಾವು ಕರಾವಳಿಯ ಝರಾಮೊ ಜನ, ನನ್ನ ಗಂಡನದು ಒಳನಾಡಿನ ಟಬೋರಾ ಕಡೆಯ ನ್ಯಾಮ್ವೇಜಿ, ಹಿಂದೆ ದಂತದ ಹೊರೆ ಹೊತ್ತು ಕರಾವಳಿಗೆ ಬರುತ್ತಿದ್ದವರು. ಅಜ್ಜಂದಿರ ಕಾಲದಿಂದ ನಮ್ಮಿಬ್ಬರದು ಗೇಲಿಯ ನಂಟು, ಒಬ್ಬರಿಗೊಬ್ಬರು ಮ್ತಾನಿ. ನಮ್ಮಲ್ಲಿ ಸಾವಾದರೆ ಅವರು ಬಂದು ಸತ್ತವರನ್ನು ಅಣಕಿಸಬೇಕು, ಮನೆಯ ಸಾಮಾನು ಹೊತ್ತೊಯ್ದು ಬಿಡುಗಡೆಗೆ ಕೋಳಿಯೋ ಸೋಡಾವೋ ಕೇಳಬೇಕು, ಹೆಣದ ಮುಂದೆ ಅಡ್ಡ ಮಲಗಬೇಕು. ಸಿಟ್ಟಾದವರೇ ತಪ್ಪಿತಸ್ಥರು. ಅದಕ್ಕೆ ಕಳವು ಎಂಬ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ, ಪ್ರಮಾಣ ಮಾಡಿದ ದೊಡ್ಡಮ್ಮನ ಬಾಯಲ್ಲೂ ಬರಲಿಲ್ಲ, ಪಕ್ಕದಲ್ಲೇ ಕೂತಿದ್ದ ನನ್ನ ಬಾಯಲ್ಲೂ ಬರಲಿಲ್ಲ.

ವಿಡಿಯೊವನ್ನು ಮುಂದೆ ಓಡಿಸಿದೆ. ಹೆಣ ಹೊತ್ತವರ ಮುಂದೆ ಮಿಹಾಯೋ ಕಣ್ಣು ಮುಚ್ಚಿ ಅಂಗಾತ ಮಲಗಿದ್ದಾನೆ. ಟೋಪಿ ಇದೆ, ಊರುಗೋಲಿದೆ. ಹೆಗಲಲ್ಲಿ ಚೀಲವಿಲ್ಲ.

ನಾನು ಎದ್ದು ಚಪ್ಪಲಿ ಮೆಟ್ಟಿದೆ.

"ಎಲ್ಲಿಗೆ?"

"ನಿಮ್ಮ ಮ್ತಾನಿಯನ್ನ ವಿಚಾರಿಸ್ಕೊಂಡು ಬರೋಕೆ."

"ಚೌಸಿಕು." ದೊಡ್ಡಮ್ಮ ಹೆಂಚನ್ನು ಒಲೆಯಿಂದ ಇಳಿಸಿದರು. "ಅವನನ್ನ ಹೆದರಿಸ್ಬೇಡ. ಅಲ್ಲಿ ಅವನ ಹೆಸರೂ ಎತ್ಬೇಡ. ಸಾವಿನ ಮನೆ ಗೇಲೀನ ವಿಚಾರಣೆಗೆ ಎಳ್ಕೊಂಡು ಹೋದ್ರೆ, ನಾಳೆ ನಮ್ಮಲ್ಲಿ ಯಾರಾದ್ರೂ ಹೋದಾಗ ನಗಿಸೋಕೆ ಯಾರು ಬರ್ತಾರೆ?"

"ನಿಮ್ಮ ಹೆಸರು ಮಣ್ಣಾಗುತ್ತಲ್ಲ ದೊಡ್ಡಮ್ಮ."

"ಅವನಿಗೆ ಒಂದಷ್ಟು ಕಟ್ಕೊಂಡು ಹೋಗು, ಬಿಸಿ ಇದೆ," ಎಂದು ವಿಟುಂಬುವಾದ ಪೊಟ್ಟಣ ನನ್ನ ಕೈಗಿಟ್ಟರು.

ಕರಿಯಾಕೂ ಮಾರುಕಟ್ಟೆಯ ಹಿಂದಿನ ಸಾಲಿನಲ್ಲಿ ಮಿಹಾಯೋನ ಜೇನಿನ ಅಂಗಡಿ. ಟಬೋರಾ ಕಾಡಿನ ಜೇನು, ಕಪ್ಪು, ಗಟ್ಟಿ. ನನ್ನನ್ನು ಕಂಡದ್ದೇ ಅವನ ಮುಖ ಅರಳಿತು. ಇಷ್ಟು ವರ್ಷವಾದರೂ ಹಾಗೇ ಅರಳುತ್ತದೆ, ನನಗೂ ಒಳಗೊಳಗೇ ಅದು ಬೇಕು. ಇವತ್ತು ಮಾತ್ರ ಅದನ್ನು ನೋಡಲು ಕಷ್ಟವಾಯಿತು.

"ಬಾರೇ ಕರಾವಳಿ ರಾಣಿ. ಇವತ್ತು ಕುಣಿಯೋಕೆ ಎಲ್ಲೂ ಡೋಲು ಬಡೀತಿಲ್ವಾ, ಗಂಡನ ನೆನಪಾಗಿದೆ?"

"ಆನೆ ದಂತ ಹೊತ್ಕೊಂಡು ಬಂದವರು ವಾಪಸ್ ಹೋಗೋ ದಾರಿ ಮರೆತು ಇಲ್ಲೇ ಅಂಗಡಿ ಇಟ್ಟಿದ್ದಾರಂತೆ, ನೋಡ್ಕೊಂಡು ಹೋಗೋಣ ಅಂತ ಬಂದೆ."

"ಹೊರೆ ಇಳಿಸೋಕೆ ಅಂತ ಇಲ್ಲಿ ಕೂತೆ. ಅಷ್ಟೊತ್ತಿಗೆ ನಿಮ್ಮಪ್ಪ ಇನ್ನೂ ದೊಡ್ಡ ಹೊರೆ ಹೊರಿಸಿ ಕಳಿಸಿದ್ರು." ಪೊಟ್ಟಣ ಬಿಚ್ಚಿ ಒಂದನ್ನು ಬಾಯಿಗೆ ಹಾಕಿಕೊಂಡ. "ದೊಡ್ಡಮ್ಮನ ಕೈದು. ನಿನ್ನದಾಗಿದ್ರೆ ಹಲ್ಲು ಮುರೀತಿತ್ತು."

"ದೊಡ್ಡಮ್ಮನ ಚೀಲ ಯಾರಿಗೆ ಕೊಟ್ಟೆ?"

"ಯಾವ ಚೀಲ?"

ಫೋನು ತೋರಿಸಿದೆ. ತನ್ನದೇ ಕುಣಿತ ನೋಡಿ ಅವನಿಗೆ ಖುಷಿಯೋ ಖುಷಿ. "ಕಾಲು ಎಳೆಯೋದು ನೋಡು, ಥೇಟ್ ಅವರೇ. ಆ ಕೋಳಿ ಮಾತ್ರ ಬಡಕಲು ಕೊಟ್ಳು ನಿನ್ನ ದೊಡ್ಡಮ್ಮ."

"ಮಿಹಾಯೋ, ಅವತ್ತು ಕೀಲಿ ತುಂಡು ಆ ಚೀಲದಲ್ಲಿತ್ತು."

ಅವನು ಅಗಿಯುವುದನ್ನು ನಿಲ್ಲಿಸಿದ. ಆಮೇಲೆ ಸ್ಟೂಲು ಎಳೆದುಕೊಂಡು ಮೆಲ್ಲಗೆ ಕೂತ.

"ಅದರಲ್ಲಿತ್ತಾ?"

"ಅದರಲ್ಲೇ ಇತ್ತು."

"ನಾನು ಬಿಚ್ಚೂ ನೋಡ್ಲಿಲ್ಲ ಕಣೇ. ಹೆಂಗಸರ ಚೀಲ ಅಂತ ಕೈಯೂ ಹಾಕ್ಲಿಲ್ಲ."

"ನಂಬ್ತೀನಿ."

"ಪೊಲೀಸಾಗಿ ನಂಬ್ತೀಯೋ, ಹೆಂಡ್ತಿಯಾಗೋ?"

"ಎರಡೂ ಆಗಿ. ಮಲಗಿದಾಗ ಹೆಗಲಲ್ಲಿ ಚೀಲ ಇಲ್ಲ. ಎಲ್ಲಿ ಹೋಯ್ತು?"

ಅವನು ಒರೆಸುವ ಬಟ್ಟೆ ಎತ್ತಿಕೊಂಡು ಒಂದು ಶೀಶೆಯ ಬಾಯಿ ಒರೆಸತೊಡಗಿದ. "ನಾನು ಹೆಣದ ಥರ ಕಣ್ಣು ಮುಚ್ಚಿ ಮಲಗಿದ್ದೆ. ಯಾರೋ ಬಗ್ಗಿ ಹೆಗಲಿಂದ ಚೀಲ ಬಿಡಿಸ್ಕೊಂಡ್ರು. 'ಸುಮ್ನೆ ಮಲ್ಕೋ ತಮ್ಮ, ಇದನ್ನ ನಾನು ಹೊರ್ತೀನಿ' ಅಂದ್ರು, ನಮ್ಮ ಟಬೋರಾ ಮಾತಲ್ಲೇ. ನಮ್ಮವರೇ ಇನ್ನೊಬ್ರು ಗೇಲಿಗೆ ಸೇರ್ಕೊಂಡ್ರು ಅಂದ್ಕೊಂಡೆ. ಮಣ್ಣು ಮಾಡಿ ವಾಪಸ್ ಬಂದಾಗ ಚೀಲ ಗೋಡಂಬಿ ಮರದ ಕೊಂಬೇಲಿ ನೇತಾಡ್ತಿತ್ತು. ಕೋಳಿ ಕೇಳೋಕೆ ತಗೊಂಡೆ."

ಮಣ್ಣು ಮಾಡಿ ಬರುವಷ್ಟು ಹೊತ್ತು ಚೀಲ ಬೇರೆಯವರ ಕೈಯಲ್ಲಿತ್ತು. ಆ ತುಂಡನ್ನು ನಕಲು ಮಾಡಲು ಅದರ ಕಾಲುಭಾಗ ಸಾಕು.

"ಯಾರ ದನಿ?"

"ಕಣ್ಣು ಮುಚ್ಚಿದ್ದೆ ಅಂದ್ನಲ್ಲ."

"ಕಿವೀನೂ ಮುಚ್ಚಿತ್ತಾ?"

ಒರೆಸಿದ ಶೀಶೆಯನ್ನೇ ಮತ್ತೆ ಒರೆಸಿದ. ನನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ. ಸತ್ತವರ ದನಿ ಜೀವಂತ ತರುವ ಮನುಷ್ಯ, ಬದುಕಿರುವವರ ದನಿ ಗುರುತಿಸಲಾರನೇ?

"ಮಿಹಾಯೋ, ಸಂಜೆ ಹೊತ್ತಿಗೆ ದೊಡ್ಡಮ್ಮ ಬೀದೀಲಿ ಓಡಾಡೋ ಹಾಗಿಲ್ಲ. ಮಕ್ಕಳು ಅವರನ್ನ ಕಂಡು 'ಕೀಲಿ ಮಾರಿದವಳು' ಅಂತ ಕೂಗ್ತಾವೆ. ಅದು ನಿನಗೆ ಬೇಕಾ?"

"ನನ್ನ ಹೆಸರು ಹೇಳು." ಅವನ ದನಿ ಒಡೆಯಿತು. "ನಾನೇ ಬರ್ತೀನಿ, ಎಲ್ಲರೆದುರು ನಿಂತು ನಾನೇ ತಗೊಂಡೆ ಅಂತೀನಿ. ಜೈಲಿಗೆ ಬೇಕಾದ್ರೂ ಹಾಕ್ಲಿ. ಆ ಹೆಸರು ಮಾತ್ರ ನನ್ನ ಬಾಯಿಂದ ಬಿಡಿಸ್ಬೇಡ ಕಣೇ. ಅವರು ಇಲ್ದಿದ್ರೆ ನೀನೂ ನನಗೆ ಸಿಗ್ತಿರ್ಲಿಲ್ಲ."

ಬೇಕೆಂದೇ ಹೇಳಿದನೋ, ಬಾಯಿ ಜಾರಿತೋ, ಇವತ್ತಿಗೂ ನಾನು ಕೇಳಿಲ್ಲ. ನಾನು ಅವನ ತಲೆಯ ಮೇಲೆ ಕೈಯಿಟ್ಟೆ.

ಅವನ ಪರವಾಗಿ ನಮ್ಮ ಮನೆಗೆ ಹೆಣ್ಣು ಕೇಳಲು ಬಂದವರು ಒಬ್ಬರೇ. "ಹೊರೆಯಾಳಿಗೆ ಹೆಣ್ಣು ಕೊಡಲ್ಲ" ಎಂದು ಅಪ್ಪ ಬಾಗಿಲು ಹಾಕಿಕೊಂಡರೆ, "ಹಾಗಾದ್ರೆ ಹೊಸ್ತಿಲನ್ನೇ ಹೊತ್ಕೊಂಡು ಹೋಗ್ತೀನಿ" ಎಂದು ಕಪ್ಪು ಕೋಟು ತೊಟ್ಟುಕೊಂಡು ಇಡೀ ದಿನ ಹೊಸ್ತಿಲಲ್ಲಿ ಕೂತಿದ್ದವರು. ಕೊನೆಗೆ ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅವರೇ ಜಡ್ಜ್ ಮಾಯುಂಗಾ, ಮಿಹಾಯೋನ ಟಬೋರಾ ಕಡೆಯವರೇ.

ಮಂಡಳಿಯ ಮೆಟ್ಟಿಲ ಬಳಿ ದೊಡ್ಡಮ್ಮನಿಗೆ ಎಲ್ಲವನ್ನೂ ಹೇಳಿದೆ. ಕೈಯಲ್ಲಿ ಸಾಕ್ಷಿ ಎಂಬುದೇ ಇರಲಿಲ್ಲ. ಕಣ್ಣು ಮುಚ್ಚಿ ಮಲಗಿದ್ದವನ ಕಿವಿಗೆ ಬಿದ್ದ ಒಂದು ಮಾತು, ಅದನ್ನೂ ಅವನು ಹೆಸರಿಟ್ಟು ಹೇಳಲಾರ. ವಿಡಿಯೊ ತೋರಿಸಿದರೆ ಸಿಕ್ಕಿಬೀಳುವವನು ನನ್ನ ಗಂಡ. ತೋರಿಸದಿದ್ದರೆ ಮುಳುಗುವವರು ದೊಡ್ಡಮ್ಮ.

"ಅವರಾ," ಎಂದರು ದೊಡ್ಡಮ್ಮ. ಆಮೇಲೆ ಕೈಗಂಬಿ ಹಿಡಿದು ನಿಂತರು. ಅವರು ಅಷ್ಟು ಮುದುಕಿಯಾಗಿ ಕಂಡದ್ದು ನನಗೆ ಅದೇ ಮೊದಲು. ಮಾಯುಂಗಾ ಸಾಹೇಬರೆಂದರೆ ದೊಡ್ಡಮ್ಮನಿಗೆ ಪ್ರೀತಿ. ಮಂಡಳಿಯ ಸಭೆಗೆ ಹೋದಾಗೆಲ್ಲ, "ತೆಂಗಿನಕಾಯಿ ತಿಂದು ಮಲಗೋ ಜನ ಇಷ್ಟು ಬೇಗ ಎದ್ದು ಬಂದ್ರಾ?" ಎಂದು ಅವರು ಛೇಡಿಸುವುದು, "ಸಾಹೇಬ್ರೆ, ನನ್ನ ಬುಟ್ಟಿ ಭಾರ ಇದೆ, ನಿಮಗೆ ಅಭ್ಯಾಸ ಇದೆಯಲ್ಲ, ಹೊತ್ಕೊಳ್ಳಿ" ಎಂದು ಇವರು ತಿರುಗೇಟು ಕೊಡುವುದು. ಮನೆಗೆ ಬಂದು ಅದನ್ನೆಲ್ಲ ನಮಗೆ ಹೇಳಿ ನಗುತ್ತಿದ್ದರು.

"ನೀನು ಬಾಯಿ ಬಿಡ್ಬೇಡ," ಎಂದರು ಕೊನೆಗೆ. "ನಿನ್ನ ಗಂಡನಿಗೂ ಹೇಳು, ಕೂತ ಜಾಗದಿಂದ ಏಳ್ಬಾರ್ದು. ನಾನಿದ್ದೀನಿ."

ಸಭಾಂಗಣ ತುಂಬಿತ್ತು. ಮೀನಿನ ಹೆಂಗಸರು ಒಂದೇ ಸಾಲಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಹಿಂದಿನ ಬೆಂಚಿನಲ್ಲಿ ಮಿಹಾಯೋ, ಮದುವೆಗೆ ಹೋಗುವವನ ಹಾಗೆ ಇಸ್ತ್ರಿಯ ಅಂಗಿ ತೊಟ್ಟು ಬಂದಿದ್ದ. ಮೇಜಿನ ಹಿಂದೆ ಧ್ವನಿವರ್ಧಕದ ಮುಂದೆ ಅಧ್ಯಕ್ಷ ಟೆಮು, ಪಕ್ಕದಲ್ಲಿ ಮಾಯುಂಗಾ. ದೊಡ್ಡಮ್ಮ ಒಳಗೆ ಬಂದಾಗ ಅವರು ಛೇಡಿಸಲಿಲ್ಲ, ಕತ್ತೂ ಎತ್ತಲಿಲ್ಲ.

"ಕೊನೆಯದಾಗಿ ಕೇಳ್ತಿದ್ದೀವಿ," ಎಂದರು ಟೆಮು. "ಪ್ರಮಾಣ ಮಾಡಿಸಿ."

ಗ್ರಂಥ ತರಲು ಹೋದವನು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ಎದ್ದು ನಿಂತರು.

"ನನ್ನಿಂದ ಯಾರೂ ತಗೊಂಡಿಲ್ಲ ಅಂತ ಹಿಂದೆ ಹೇಳಿದ್ದೆ. ಯಾರೂ ತಗೊಳ್ಳಲಿಲ್ಲ. ನಾನ್ಯಾಕೆ ಮುಚ್ಚಿಡ್ಲಿ? ನಾನೇ ಕೊಟ್ಟೆ."

ಸಭೆಯಲ್ಲಿ ಗುಲ್ಲೆದ್ದಿತು. ಮೀನಿನ ಹೆಂಗಸರಲ್ಲಿ ಒಬ್ಬಳು ಎದ್ದು, ದೊಡ್ಡಮ್ಮನ ಕಡೆ ನೋಡದೆ ಬಾಗಿಲಿನತ್ತ ಹೊರಟಳು. ಇನ್ನೊಬ್ಬಳು ಬಾಯಿಗೆ ಬಟ್ಟೆ ಅಡ್ಡ ಹಿಡಿದು ಅಳತೊಡಗಿದಳು. ಹಿಂದೆ ಮಿಹಾಯೋ ಅರ್ಧ ಎದ್ದಿದ್ದ, ನಾನು ಕಣ್ಣಲ್ಲೇ ಕೂರಿಸಿದೆ.

ಟೆಮು ಮುಖದಲ್ಲಿ ನೆಮ್ಮದಿ ಕಂಡಿತು. "ಯಾರಿಗೆ ಕೊಟ್ಟಿರಿ ಅನ್ನೋದನ್ನೂ ಹೇಳಿಬಿಡಿ."

"ಮಾಯುಂಗಾ ಸಾಹೇಬ್ರಿಗೆ. ನನ್ನ ಗಂಡನ್ನ ಮಣ್ಣು ಮಾಡಿದ ದಿನ. ಅವರು ಕೇಳಿದ್ರು, ನಾನು ಕೊರಳಿಂದ ಬಿಚ್ಚಿ ಕೈಗಿಟ್ಟೆ."

ಸುಳ್ಳು ಹೇಳಿದ ಮಕ್ಕಳಿಗೆ ಬೆತ್ತದ ರುಚಿ ತೋರಿಸುತ್ತಿದ್ದ ದೊಡ್ಡಮ್ಮ, ಊರೆಲ್ಲ ನೋಡುತ್ತಿರುವಾಗ ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದರು. ತಮ್ಮ ಹೆಸರಿನಲ್ಲಿ ಉಳಿದಿದ್ದ ಚೂರುಪಾರನ್ನೂ ಮೇಜಿನ ಮೇಲಿಟ್ಟು ಕಾಯುತ್ತಿದ್ದರು.

ಮಾಯುಂಗಾ ಎದ್ದರು.

"ಇದು ಸುಳ್ಳು. ಟೀಚರಮ್ಮ, ನಿಮ್ಮ ಬಾಯಲ್ಲಿ ಇಂಥ ಮಾತು ಬರಬಾರ್ದು. ಕೊರಳಿಂದ ಬಿಚ್ಚಿ ಕೊಡೋಕೆ ಅವತ್ತು ಅದು ನಿಮ್ಮ ಕೊರಳಲ್ಲೇ ಇರ್ಲಿಲ್ಲ, ಚೀಲದಲ್ಲಿ..."

ಅಲ್ಲಿಗೆ ನಿಲ್ಲಿಸಿದರು.

ಅವತ್ತು ಅದು ಚೀಲದಲ್ಲಿತ್ತೆಂದು ಆ ಸಭೆಯಲ್ಲಿ ತಿಳಿದಿದ್ದವರು ದೊಡ್ಡಮ್ಮ, ನಾನು, ಮಿಹಾಯೋ, ಬಿಟ್ಟರೆ ಆ ಚೀಲಕ್ಕೆ ಕೈಹಾಕಿದವರು ಮಾತ್ರ. ಬಾಗಿಲವರೆಗೆ ಹೋಗಿದ್ದ ಹೆಂಗಸು ಅಲ್ಲೇ ತಿರುಗಿ ನಿಂತಳು.

"ಕೂತ್ಕೊಳ್ಳಿ ಮ್ತಾನಿ," ಎಂದರು ದೊಡ್ಡಮ್ಮ ಮೆತ್ತಗೆ. ಗೆದ್ದವರ ದನಿಯಲ್ಲ ಅದು. "ನಿಮ್ಮನ್ನ ಹೀಗೆ ನೋಡೋಕೆ ನನಗೆ ಇಷ್ಟ ಇರ್ಲಿಲ್ಲ. ಯಾಕೆ ಮಾಡಿದ್ರಿ?"

"ವಿಚಾರಣೆ ಮುಂದೂಡಲಾಗಿದೆ," ಎಂದು ಟೆಮು ಗಡಿಬಿಡಿಯಲ್ಲಿ ಧ್ವನಿವರ್ಧಕಕ್ಕೆ ಕೈ ಹಾಕಿದರು. "ಎಲ್ಲರೂ ಹೊರಗೆ ಹೋಗಿ. ಜಡ್ಜ್ ಸಾಹೇಬ್ರಿಗೆ ಹುಷಾರಿಲ್ಲ."

ಮಾಯುಂಗಾ ಕೂರಲಿಲ್ಲ. ದೊಡ್ಡಮ್ಮನನ್ನೇ ನೋಡುತ್ತಾ ನಿಂತಿದ್ದರು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಧ್ವನಿವರ್ಧಕವನ್ನು ಟೆಮು ಕೈಯಿಂದ ನಿಧಾನವಾಗಿ ತಮ್ಮ ಕಡೆ ಎಳೆದುಕೊಂಡರು.

"ನಾನು ಹುಷಾರಾಗಿದ್ದೀನಿ, ಅಧ್ಯಕ್ಷರೇ. ಆ ತುಂಡನ್ನ ನಕಲು ಮಾಡ್ಕೊಂಡು ಬನ್ನಿ ಅಂತ, ಸಾವಿನ ಮನೆಗೆ ಹೊರಟ ನನ್ನ ಜೇಬಿಗೆ ಅದಕ್ಕೆ ಬೇಕಾದ ಯಂತ್ರ ಹಾಕಿ ಕಳಿಸಿದ್ದು ಯಾರು ಅಂತ ನೀವು ಹೇಳ್ತೀರೋ, ನಾನು ಹೇಳ್ಲೋ?"